ವಾಟರ್ ಪೋಲೊ ಆಟಗಾರರ ಭುಜದ ಬಲ ಮತ್ತು ಈಜಿನ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಟರ್ ಪೋಲೊ ಎಂದರೆ ಎರಡು ತಂಡಗಳು ಕೊಳದಲ್ಲಿ ಈಜುತ್ತಾ ಚೆಂಡನ್ನು ಕೈಯಿಂದ ಎದುರಾಳಿಯ ಗೋಲಿಗೆ ಎಸೆಯುವ ಆಟ. ಅದನ್ನು ಆಡುವವರು, ಆಡಿಸುವವರು, ಆಡುವ ಮಕ್ಕಳ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕಲೆಹಾಕಿದ್ದೇನೆ. ಬಹುಪಾಲು ಪ್ರಶ್ನೆಗಳನ್ನು ಕೆದಕಿದರೆ ಒಳಗೆ ಸಿಗುವುದು ಒಂದೇ: ಭುಜ ಗಟ್ಟಿಯಾದರೆ ಈಜು ಚುರುಕಾಗುತ್ತದೆಯೇ? ಉತ್ತರ ‘ಹೌದು’ ಎಂದೇ ಶುರುವಾಗುತ್ತದೆ. ಆ ಹೌದಿಗೆ ಅಂಟಿಕೊಂಡ ಷರತ್ತುಗಳು ಜಾಸ್ತಿ ಇರುವುದರಿಂದ ಪುಟ ಉದ್ದವಾಗಿದೆ.

ಭುಜದ ಬಲ ಹೆಚ್ಚಿದರೆ ಈಜಿನ ವೇಗ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆ ಬಲ ನೀರನ್ನು ಹಿಂದಕ್ಕೆ ತಳ್ಳುವ ಕೆಲಸಕ್ಕೆ ಬಂದರೆ. ಬೋರಲಾಗಿ ಮಲಗಿ ಕೈಗಳನ್ನು ಒಂದಾದ ಮೇಲೊಂದು ಬೀಸುವ ಕ್ರಾಲ್ ಈಜಿನಲ್ಲಿ ದೇಹವನ್ನು ಮುಂದಕ್ಕೆ ಒಯ್ಯುವ ಶಕ್ತಿಯ ಬಹುಪಾಲು ಕೈಗಳಿಂದ ಬರುತ್ತದೆ; ಕಾಲಿನ ಪಾಲು ಅದಕ್ಕಿಂತ ತುಂಬ ಕಡಿಮೆ. ಕೈ ಎಳೆಯುವಾಗ ದುಡಿಯುವುದು ಭುಜದ ಕೀಲನ್ನು ದಾಟಿ ಹೋಗುವ ದೊಡ್ಡ ಸ್ನಾಯುಗಳು. ಆದ್ದರಿಂದ ಎರಡಕ್ಕೂ ನಂಟು ಇರಲೇಬೇಕು, ಇದೆ ಕೂಡ.

ಆದರೆ ನೆಲದ ಮೇಲೆ ಭಾರ ಎತ್ತುವಾಗ ನಿಮ್ಮ ಕೈಗೆ ಸಿಗುವುದು ಕಬ್ಬಿಣ. ಅದು ಜಾರುವುದಿಲ್ಲ, ಬೆರಳ ಸಂದಿಯಿಂದ ನುಸುಳಿಹೋಗುವುದಿಲ್ಲ. ನೀರು ಎರಡನ್ನೂ ಮಾಡುತ್ತದೆ. ಅಂಗೈ ಮತ್ತು ಮುಂಗೈ ನೀರಿಗೆ ಎದುರಾಗಿ ನಿಲ್ಲದೆ ಮೊಣಕೈ ಮೊದಲೇ ಕೆಳಗೆ ಜಾರಿಬಿಟ್ಟರೆ, ಭುಜದಲ್ಲಿ ಎಷ್ಟೇ ಬಲವಿದ್ದರೂ ಅದು ನೀರನ್ನು ಕಲಕುವುದಕ್ಕೆ ಖರ್ಚಾಗುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎನ್ನುತ್ತಾರಲ್ಲ, ನೀರಿಗೆ ಗುದ್ದಿಯೂ ನೋಯಿಸಿಕೊಳ್ಳಬಹುದು.

ಬಲ ಶೇ. 10ರಷ್ಟು ಹೆಚ್ಚಿದರೆ ವೇಗವೂ ಶೇ. 10ರಷ್ಟು ಹೆಚ್ಚುತ್ತದೆಯೇ?

ಇಲ್ಲ, ಆ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ. ನೀರಿನ ಪ್ರತಿರೋಧ ಸುಮಾರಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ 1.5 ಮೀಟರ್ ಈಜುವವನು 1.8 ಮೀಟರ್ ಈಜಬೇಕಾದರೆ ವೇಗ ಹೆಚ್ಚುವುದು ಶೇ. 20, ಪ್ರತಿರೋಧ ಹೆಚ್ಚುವುದು ಶೇ. 44, ಬೇಕಾಗುವ ಶಕ್ತಿ ಹೆಚ್ಚುವುದು ಸುಮಾರು ಶೇ. 73.

ಅದನ್ನೇ ತಿರುಗಿಸಿ ನೋಡೋಣ. ನೀರಿಗೆ ಕೊಡುವ ಶಕ್ತಿ ಶೇ. 10ರಷ್ಟು ಹೆಚ್ಚಿತು, ಅದರಲ್ಲಿ ಏನೂ ಪೋಲಾಗಲಿಲ್ಲ ಎಂದೇ ಇಟ್ಟುಕೊಂಡರೂ ವೇಗ ಏರುವುದು ಶೇ. 3ರ ಆಸುಪಾಸು. 20 ಮೀಟರನ್ನು 11 ಸೆಕೆಂಡಿನಲ್ಲಿ ಮುಟ್ಟುವ ಆಟಗಾರನಿಗೆ ಇದರಿಂದ ಸಿಗುವುದು ಮೂರನೇ ಒಂದು ಸೆಕೆಂಡು, ಅಂದರೆ ಸುಮಾರು ಅರ್ಧ ಮೀಟರ್ ಮುನ್ನಡೆ.

ಇಷ್ಟೇನಾ ಎಂದು ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ಎದುರಾಳಿಯ ಭುಜ ನಿಮ್ಮ ಭುಜದ ಪಕ್ಕದಲ್ಲಿದೆಯೋ ಹಿಂದಿದೆಯೋ ಎಂಬುದನ್ನು ತೀರ್ಮಾನಿಸುವುದು ಆ ಅರ್ಧ ಮೀಟರೇ. ಪ್ರತಿದಾಳಿಯಲ್ಲಿ ಚೆಂಡು ಯಾರ ಕೈಗೆ ಬರುತ್ತದೆ ಎಂಬುದೂ ಅಲ್ಲೇ ನಿರ್ಧಾರವಾಗುತ್ತದೆ.

ಭುಜದ ಬಲ ಎಂದಾಗ ಯಾವ ಸ್ನಾಯುಗಳ ಮಾತು?

ಇಲ್ಲಿ ಎರಡು ತಂಡಗಳಿವೆ ಎಂದು ತಿಳಿಯಿರಿ.

ಮೊದಲನೆಯದು ಎಳೆಯುವ ತಂಡ. ಬೆನ್ನಿನ ಅಗಲವಾದ ಸ್ನಾಯು ಲ್ಯಾಟಿಸಿಮಸ್ ಡಾರ್ಸಿ, ಎದೆಯ ಪೆಕ್ಟೊರಾಲಿಸ್ ಮೇಜರ್, ಹೆಗಲ ಹಲಗೆಯಿಂದ ತೋಳಿಗೆ ಬರುವ ಟೆರಿಸ್ ಮೇಜರ್. ಇವು ತೋಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯುತ್ತವೆ, ಜೊತೆಗೆ ಒಳಕ್ಕೆ ತಿರುಗಿಸುತ್ತವೆ. ಕನ್ನಡಿಯ ಮುಂದೆ ನಿಂತರೆ ಕಣ್ಣಿಗೆ ಬೀಳುವುದೂ ಹೆಚ್ಚಾಗಿ ಇವೇ. ಈಜಿನ ವೇಗ ಇವುಗಳ ದುಡಿಮೆ.

ಎರಡನೆಯದು ಹಿಡಿದುಕೊಳ್ಳುವ ತಂಡ. ರೊಟೇಟರ್ ಕಫ್ ಎಂದು ಕರೆಸಿಕೊಳ್ಳುವ ನಾಲ್ಕು ಸಣ್ಣ ಸ್ನಾಯುಗಳಾದ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್ ಹಾಗೂ ಸಬ್‌ಸ್ಕ್ಯಾಪ್ಯುಲಾರಿಸ್. ಇವುಗಳ ಜೊತೆಗೆ ಹೆಗಲ ಹಲಗೆಯನ್ನು ಪಕ್ಕೆಲುಬಿನ ಗೂಡಿಗೆ ಒತ್ತಿ ಹಿಡಿಯುವ ಸೆರಾಟಸ್ ಆಂಟೀರಿಯರ್ ಮತ್ತು ಟ್ರಪೀಜಿಯಸ್. ಭುಜದ ಕೀಲು ಒಂದು ದೊಡ್ಡ ಚೆಂಡು ಪುಟ್ಟ ತಟ್ಟೆಯ ಮೇಲೆ ಕುಳಿತಂತಿದೆ. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ ಅದಕ್ಕೆ ಸಿಕ್ಕಿದ್ದು ಭದ್ರತೆಯನ್ನು ಬಿಟ್ಟುಕೊಟ್ಟು. ದೊಡ್ಡ ಸ್ನಾಯುಗಳು ಜಗ್ಗಿದಾಗ ಚೆಂಡು ತಟ್ಟೆಯ ನಡುವೆಯೇ ಇರುವಂತೆ ನೋಡಿಕೊಳ್ಳುವುದು ಈ ಸಣ್ಣವರ ಹೊಣೆ. ಇವರಿಗೆ ಸುಸ್ತಾದರೆ ಮೊದಲ ತಂಡ ಎಷ್ಟೇ ಬಲಶಾಲಿಯಾದರೂ ಪ್ರಯೋಜನವಿಲ್ಲ. ಗೋಡೆ ಅಲುಗಾಡುತ್ತಿರುವಾಗ ಬಾಗಿಲನ್ನು ಜೋರಾಗಿ ಎಳೆದಂತಾಗುತ್ತದೆ.

ಈಜು ಸ್ಪರ್ಧೆಯ ಈಜಿಗೂ ಪೋಲೊ ಈಜಿಗೂ ಏನು ವ್ಯತ್ಯಾಸ?

ಮುಖ್ಯವಾದದ್ದು ತಲೆ. ಸ್ಪರ್ಧೆಯ ಈಜುಗಾರನು ಮುಖವನ್ನು ನೀರಿನಲ್ಲಿಟ್ಟು ಕೊಳದ ತಳದ ಕಪ್ಪು ಗೆರೆ ನೋಡುತ್ತಾನೆ. ಪೋಲೊ ಆಟಗಾರ ಚೆಂಡನ್ನೂ ಎದುರಾಳಿಯನ್ನೂ ಗೋಲನ್ನೂ ನೋಡಬೇಕು, ಹಾಗಾಗಿ ಬಹಳಷ್ಟು ಹೊತ್ತು ತಲೆ ಮೇಲೆತ್ತಿಯೇ ಈಜುತ್ತಾನೆ. ತಲೆ ಎದ್ದರೆ ಸೊಂಟ ಮತ್ತು ಕಾಲು ಮುಳುಗುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ: ಕೈಗಳು ಮುಂದಕ್ಕೆ, ಮುಳುಗಿದ ಸೊಂಟ ಹಿಂದಕ್ಕೆ.

ತಲೆ ಎತ್ತಿದಾಗ ಕತ್ತು ಹಿಂದಕ್ಕೆ ಬಾಗುತ್ತದೆ, ದೇಹದ ಹೊರಳಾಟ ಕಡಿಮೆಯಾಗುತ್ತದೆ. ಹೊರಳಾಟ ಕಡಿಮೆಯಾದಷ್ಟೂ ಕೈಯನ್ನು ನೀರಿನಿಂದ ಹೊರತೆಗೆದು ಮುಂದಕ್ಕೆ ತರುವ ಕೆಲಸವನ್ನು ಭುಜ ಒಂದೇ ಮಾಡಬೇಕಾಗುತ್ತದೆ. ಚೆಂಡನ್ನು ಎರಡು ತೋಳುಗಳ ನಡುವಿನ ಅಲೆಯ ಮೇಲೆ ತೇಲಿಸಿಕೊಂಡು ಹೋಗುವಾಗ ಮೊಣಕೈಗಳು ಇನ್ನೂ ಎತ್ತರಕ್ಕೆ, ಇನ್ನೂ ಅಗಲಕ್ಕೆ ಹೋಗುತ್ತವೆ. ಬೀಸು, ಅಂದರೆ ಕೈಯ ಒಂದು ಸುತ್ತು, ಗಿಡ್ಡವಾಗುತ್ತದೆ; ಗತಿ, ಅಂದರೆ ಸೆಕೆಂಡಿಗೆ ಬೀಸುಗಳ ಸಂಖ್ಯೆ, ಹೆಚ್ಚುತ್ತದೆ. ಒಟ್ಟಿನಲ್ಲಿ ಅದೇ ದೂರಕ್ಕೆ ಪೋಲೊ ಆಟಗಾರನ ಭುಜ ಹೆಚ್ಚು ಸಲ ತಿರುಗುತ್ತದೆ, ಪ್ರತಿ ಸಲವೂ ಹೆಚ್ಚು ಇಕ್ಕಟ್ಟಿನ ಕೋನದಲ್ಲಿ.

ಇನ್ನೊಂದು ವ್ಯತ್ಯಾಸ ದೂರದ್ದು. ಆಟದ ಅಂಗಳದ ಉದ್ದವೇ 25ರಿಂದ 30 ಮೀಟರ್. ನಿಜವಾದ ಓಟಗಳು, ಅಂದರೆ ಪೂರ್ಣ ಜೋರಿನ ಈಜುಗಳು, ಐದು, ಹತ್ತು, ಹದಿನೈದು ಮೀಟರಿನವು. ಡೈವ್ ಇಲ್ಲ, ಗೋಡೆ ಒದೆಯುವುದಿಲ್ಲ. ನಿಂತಲ್ಲಿಂದ, ಬಹಳ ಸಲ ಎದುರಾಳಿಯ ಕೈ ಮೈಮೇಲಿರುವಾಗಲೇ ಹೊರಡಬೇಕು. ಹಾಗಾಗಿ 100 ಮೀಟರ್ ಕ್ರಾಲ್‌ನ ಸಮಯ ನೋಡಿ ಪೋಲೊ ಆಟಗಾರನ ವೇಗ ತೂಗುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಕಾಲುಗಳಿಗೆ ಕೆಲಸವೇ ಇಲ್ಲವೇ?

ಬೇಕಾದಷ್ಟಿದೆ. ಕೊಳದ ಆಳ ಕನಿಷ್ಠ 1.8 ಮೀಟರ್ ಇರುತ್ತದೆ, ತಳ ಮುಟ್ಟಿ ಆಡುವಂತಿಲ್ಲ. ನೀರಿನಲ್ಲಿ ನೆಟ್ಟಗೆ ನಿಲ್ಲುವುದು, ಏಳುವುದು, ದಿಕ್ಕು ಬದಲಿಸುವುದು ಎಲ್ಲವೂ ಎಗ್‌ಬೀಟರ್ ಎಂಬ ಒದೆತದಿಂದ: ಒಂದು ಕಾಲು ಒಂದು ದಿಕ್ಕಿಗೆ, ಇನ್ನೊಂದು ಅದರ ವಿರುದ್ಧ ದಿಕ್ಕಿಗೆ, ಸರದಿಯ ಮೇಲೆ ಸುತ್ತುತ್ತಿರುತ್ತವೆ. ಹೊರಡುವ ಮೊದಲ ಎರಡು ಮೂರು ಮೀಟರಿನ ವೇಗಕ್ಕೆ ಕಾಲಿನ ಒದೆತವೇ ಮುಖ್ಯ. ಅಲ್ಲಿ ಸೋತವನನ್ನು ಭುಜದ ಬಲ ಪೂರ್ತಿ ಕಾಪಾಡುವುದಿಲ್ಲ. ಎಸೆಯುವಾಗ ಮೈಯನ್ನು ನೀರಿನಿಂದ ಮೇಲೆತ್ತುವುದೂ ಕಾಲೇ.

ಒಳತಿರುವು, ಹೊರತಿರುವು, ಅವುಗಳ ಅನುಪಾತ: ಏನಿದು?

ಮೊಣಕೈಯನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಚಿ. ಮುಂಗೈಯನ್ನು ಹೊಟ್ಟೆಯ ಕಡೆಗೆ ತಂದರೆ ಒಳತಿರುವು, ಬಾಗಿಲು ತೆರೆದಂತೆ ಹೊರಕ್ಕೆ ಒಯ್ದರೆ ಹೊರತಿರುವು. ಈಜಿನ ಎಳೆತ, ಚೆಂಡಿನ ಎಸೆತ ಎರಡೂ ಒಳತಿರುವಿನ ಸ್ನಾಯುಗಳನ್ನು ದಿನವೂ ಸಾವಿರಾರು ಸಲ ದುಡಿಸುತ್ತವೆ. ಹೊರತಿರುವಿನವರಿಗೆ ಆ ಭಾಗ್ಯವಿಲ್ಲ. ಎಸೆದ ತೋಳನ್ನು ಕೊನೆಯಲ್ಲಿ ತಡೆದು ನಿಲ್ಲಿಸುವ ಕಷ್ಟದ ಕೆಲಸ ಮಾತ್ರ ಅವರ ಪಾಲಿಗೆ ಬರುತ್ತದೆ.

ಹೊರತಿರುವಿನ ಬಲವನ್ನು ಒಳತಿರುವಿನ ಬಲದಿಂದ ಭಾಗಿಸಿದರೆ ಸಿಗುವುದೇ ಅನುಪಾತ. ಸಾಮಾನ್ಯವಾಗಿ ಅದು ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗ, ಅಂದರೆ 0.66ರಿಂದ 0.75ರ ನಡುವೆ ಇರಲಿ ಎನ್ನುತ್ತಾರೆ. ಪೋಲೊ ಆಟಗಾರರಲ್ಲಿ ಅದು ಕೆಳಗಿಳಿಯುವುದು ಸಾಮಾನ್ಯ ಸಂಗತಿ. ಒಂದು ಕಾಲ್ಪನಿಕ ಲೆಕ್ಕ ನೋಡಿ: ಒಬ್ಬ ಆಟಗಾರನ ಒಳತಿರುವು 40 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ), ಹೊರತಿರುವು 26. ಅನುಪಾತ 0.65, ಗಡಿಯ ಅಂಚಿನಲ್ಲಿದ್ದರೂ ಪರವಾಗಿಲ್ಲ. ಒಂದು ಋತುವಿಡೀ ಬರಿಯ ಎಳೆತ ಮತ್ತು ಎದೆಯ ವ್ಯಾಯಾಮ ಮಾಡಿದ. ಒಳತಿರುವು 50ಕ್ಕೆ ಏರಿತು, ಹೊರತಿರುವು 26ರಲ್ಲೇ ನಿಂತಿತು. ಅನುಪಾತ 0.52. ಅವನು ಯಾವ ಬಲವನ್ನೂ ಕಳೆದುಕೊಂಡಿಲ್ಲ, ಬಹುಶಃ ಈಜು ಸ್ವಲ್ಪ ಚುರುಕೂ ಆಗಿದೆ. ಆದರೂ ಅವನ ಭುಜ ಈಗ ಮೊದಲಿಗಿಂತ ಅಪಾಯದಲ್ಲಿದೆ. ಎಂಜಿನ್ ದೊಡ್ಡದಾಯಿತು, ಬ್ರೇಕ್ ಹಳೆಯದೇ ಉಳಿಯಿತು.

ಭುಜದ ಬಲ ಮತ್ತು ವೇಗದ ಬಗ್ಗೆ ಕೇಳುವವರಲ್ಲಿ ಬಹುತೇಕರು ಎಂಜಿನ್ನಿನ ಬಗ್ಗೆ ಮಾತ್ರ ಕೇಳುತ್ತಾರೆ. ನನಗೆ ಅನ್ನಿಸುವುದು, ಹೊರತಿರುವಿನ ಬಲ ಒಂದು ಓಟದ ವೇಗವನ್ನು ಹೆಚ್ಚಿಸದೇ ಇರಬಹುದು, ಆದರೆ ಆ ಆಟಗಾರ ವರ್ಷಕ್ಕೆ ಎಷ್ಟು ದಿನ ನೀರಿನಲ್ಲಿ ಇರುತ್ತಾನೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ನೋವಿನಿಂದ ಎರಡು ತಿಂಗಳು ದಡದಲ್ಲಿ ಕುಳಿತವನ ವೇಗ ಸೊನ್ನೆ.

ಭುಜದ ಬಲವನ್ನು ಅಳೆಯುವುದು ಹೇಗೆ?

ಪ್ರಯೋಗಾಲಯಗಳಲ್ಲಿ ಐಸೊಕೈನೆಟಿಕ್ ಡೈನಮೋಮೀಟರ್ ಎಂಬ ಯಂತ್ರವಿದೆ. ನೀವು ಎಷ್ಟೇ ಜೋರಾಗಿ ತಳ್ಳಿದರೂ ಅದು ಗೊತ್ತುಪಡಿಸಿದ ವೇಗದಲ್ಲೇ, ಉದಾಹರಣೆಗೆ ಸೆಕೆಂಡಿಗೆ 60 ಅಥವಾ 180 ಡಿಗ್ರಿಯಂತೆ ತಿರುಗುತ್ತದೆ. ಪ್ರತಿ ಕೋನದಲ್ಲಿ ನೀವು ಹಾಕಿದ ತಿರುಚುಬಲವನ್ನು ದಾಖಲಿಸುತ್ತದೆ. ಅಂಕಿಗಳು ಚೊಕ್ಕವಾಗಿರುತ್ತವೆ. ಆದರೆ ನಿಜವಾದ ಎಸೆತದಲ್ಲಿ ತೋಳು ಇದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಮರೆಯಬಾರದು.

ತಂಡಗಳಿಗೆ ಕೈಗೆಟಕುವುದು ಕೈಯಲ್ಲಿ ಹಿಡಿಯುವ ಡೈನಮೋಮೀಟರ್. ಆಟಗಾರ ತಳ್ಳುತ್ತಾನೆ, ಪರೀಕ್ಷಕ ಅಲುಗಾಡದೆ ತಡೆಯುತ್ತಾನೆ. ಇದರಲ್ಲಿ ಎರಡು ಹಳ್ಳಗಳಿವೆ. ಪರೀಕ್ಷಕನೇ ಆಟಗಾರನಿಗಿಂತ ಬಲಹೀನನಾದರೆ ನೀವು ಅಳೆದದ್ದು ಪರೀಕ್ಷಕನ ಬಲ. ಅದಕ್ಕೆ ಉಪಕರಣವನ್ನು ಗೋಡೆಗೋ ಕಂಬಕ್ಕೋ ಪಟ್ಟಿಯಿಂದ ಬಿಗಿಯುವುದು ವಾಸಿ. ಎರಡನೆಯದು ತೋಳಿನ ಉದ್ದ. ಇಬ್ಬರೂ 150 ನ್ಯೂಟನ್ ತೋರಿಸಿದರು ಎಂದುಕೊಳ್ಳಿ. ಒಬ್ಬನಿಗೆ ಮೊಣಕೈಯಿಂದ ಉಪಕರಣಕ್ಕೆ 24 ಸೆಂಟಿಮೀಟರ್, ಇನ್ನೊಬ್ಬನಿಗೆ 28. ಮೊದಲನೆಯವನ ತಿರುಚುಬಲ 36 ನ್ಯೂಟನ್ ಮೀಟರ್, ಎರಡನೆಯವನದು 42. ಉದ್ದ ಬರೆದುಕೊಳ್ಳದಿದ್ದರೆ ಇಬ್ಬರೂ ಸಮ ಎಂದು ತಪ್ಪಾಗಿ ನಂಬುತ್ತೀರಿ.

ಇವೆರಡೂ ಇಲ್ಲದವರು ಪುಲ್‌ಅಪ್‌ಗಳನ್ನು (ಕಂಬಿಗೆ ಜೋತುಬಿದ್ದು ಮೈಯನ್ನು ಮೇಲೆಳೆಯುವುದು) ಎಣಿಸಬಹುದು. ಸ್ಥೂಲವಾದ ಅಳತೆ, ಆದರೆ ದೇಹದ ತೂಕಕ್ಕೆ ಹೋಲಿಸಿದ ಬಲವನ್ನು ತೋರಿಸುವುದರಿಂದ ಈಜಿಗೆ ಹತ್ತಿರದ್ದು.

ನೀರಿನಲ್ಲೇ ಬಲವನ್ನು ಅಳೆಯಲು ಆಗುವುದಿಲ್ಲವೇ?

ಆಗುತ್ತದೆ. ಆಟಗಾರನ ಸೊಂಟಕ್ಕೆ ಪಟ್ಟಿ ಕಟ್ಟಿ, ಅದನ್ನು ಹಿಗ್ಗದ ಹಗ್ಗದಿಂದ ದಡದ ಮೇಲಿನ ಬಲಮಾಪಕಕ್ಕೆ ಜೋಡಿಸಿ, ಹತ್ತು ಸೆಕೆಂಡು ಇಲ್ಲವೇ ಅರ್ಧ ನಿಮಿಷ ಪೂರ್ಣ ಜೋರಿನಿಂದ ಈಜಿಸುತ್ತಾರೆ. ಅವನು ನಿಂತಲ್ಲೇ ಇರುತ್ತಾನೆ, ಹಗ್ಗದ ಮೇಲಿನ ಎಳೆತ ದಾಖಲಾಗುತ್ತದೆ. ಭುಜದ ಬಲದಲ್ಲಿ ಎಷ್ಟು ನೀರಿಗೆ ಇಳಿಯಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಕಷ್ಟ. ಯಂತ್ರದ ಮೇಲೆ ಬಲಶಾಲಿ, ಹಗ್ಗದ ಮೇಲೆ ಸಾಧಾರಣ ಎಂದು ಕಂಡರೆ ಆ ಆಟಗಾರನಿಗೆ ಬೇಕಿರುವುದು ಇನ್ನಷ್ಟು ಭಾರವಲ್ಲ, ಎಳೆತದ ತಿದ್ದುಪಡಿ.

ಈಜಿನ ವೇಗವನ್ನು ಪರೀಕ್ಷಿಸಲು ಯಾವ ದೂರ ಸರಿ?

10ರಿಂದ 20 ಮೀಟರ್, ನೀರಿನಲ್ಲಿ ತೇಲುತ್ತಿರುವ ಸ್ಥಿತಿಯಿಂದ, ಗೋಡೆ ಮುಟ್ಟದೆ. ಮೂರು ಬಗೆಯಲ್ಲಿ ಅಳೆಯಿರಿ: ಮುಖ ನೀರಿನಲ್ಲಿಟ್ಟು, ತಲೆ ಎತ್ತಿ, ಚೆಂಡಿನ ಜೊತೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ದೊಡ್ಡದಿದ್ದರೆ ತೊಂದರೆ ಸೊಂಟದಲ್ಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಅಂತರ ದೊಡ್ಡದಿದ್ದರೆ ಚೆಂಡಿನ ಹಿಡಿತದಲ್ಲಿ. ಇವೆರಡರಲ್ಲೂ ಭುಜವನ್ನು ದೂರುವುದಕ್ಕೆ ಕಾರಣವಿಲ್ಲ.

ಗಡಿಯಾರದ ಬಗ್ಗೆ ಒಂದು ಎಚ್ಚರಿಕೆ. ಬೆರಳಿನಿಂದ ಒತ್ತುವ ಸ್ಟಾಪ್‌ವಾಚ್‌ನಲ್ಲಿ ಸೆಕೆಂಡಿನ ಹತ್ತನೇ ಒಂದೆರಡು ಭಾಗದಷ್ಟು ತಪ್ಪು ಸುಲಭವಾಗಿ ನುಸುಳುತ್ತದೆ. ಮೇಲಿನ ಲೆಕ್ಕದಲ್ಲಿ ತಿಂಗಳುಗಟ್ಟಲೆ ದುಡಿದು ಗಳಿಸಿದ್ದು ಮೂರನೇ ಒಂದು ಸೆಕೆಂಡು. ಒಂದೇ ಓಟದ ಸಮಯ ನೋಡಿ ಸಂಭ್ರಮಿಸುವುದೂ ಬೇಡ, ಕೊರಗುವುದೂ ಬೇಡ. ಮೊಬೈಲ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಚಿತ್ರೀಕರಿಸಿ, ಚೌಕಟ್ಟುಗಳನ್ನು (ಫ್ರೇಮ್‌ಗಳನ್ನು) ಎಣಿಸಿದರೆ ತಪ್ಪು ತುಂಬ ಕಡಿಮೆಯಾಗುತ್ತದೆ. ಅದೇ ಚಿತ್ರದಲ್ಲಿ ಬೀಸುಗಳನ್ನೂ ಎಣಿಸಿಕೊಳ್ಳಿ. ಸೆಕೆಂಡಿಗೆ ಎಷ್ಟು ಬೀಸು, ಒಂದು ಬೀಸಿಗೆ ಎಷ್ಟು ದೂರ ಎಂಬೆರಡರ ಗುಣಲಬ್ಧವೇ ವೇಗ. ಬಲ ಹೆಚ್ಚಿದ ಮೇಲೆ ಗತಿ ಅಷ್ಟೇ ಇದ್ದು ಒಂದು ಬೀಸಿನ ದೂರ ಬೆಳೆದಿದ್ದರೆ, ಆ ಬಲ ನೀರಿಗೆ ತಲುಪಿದೆ.

ನಮ್ಮ ತಂಡದಲ್ಲಿ ಅತಿ ಬಲಶಾಲಿಯೇ ಅತಿ ನಿಧಾನ. ಹಾಗಾದರೆ ಈ ಮಾತೆಲ್ಲ ಸುಳ್ಳೇ?

ಈ ಪ್ರಶ್ನೆ ನನಗೆ ಬಲು ಇಷ್ಟ, ಏಕೆಂದರೆ ಕೇಳುವವರು ಕಣ್ಣಾರೆ ಕಂಡದ್ದನ್ನು ಕೇಳುತ್ತಿದ್ದಾರೆ.

ಮೊದಲು ತೂಕ. ಗೋಲಿನ ಮುಂದೆ ಬೆನ್ನು ಕೊಟ್ಟು ನಿಲ್ಲುವ ಸೆಂಟರ್ ಆಟಗಾರ ಸಾಮಾನ್ಯವಾಗಿ ತಂಡದಲ್ಲೇ ಭಾರಿ ಆಳು. ಅವನ ಒಟ್ಟು ಬಲ ಎಲ್ಲರಿಗಿಂತ ಹೆಚ್ಚು. ನೀರಿಗೆ ಒಡ್ಡುವ ಮೈಯ ಅಗಲವೂ ಹೆಚ್ಚು. ಒಟ್ಟು ಬಲದ ಬದಲು ಕಿಲೋ ತೂಕಕ್ಕೆ ಎಷ್ಟು ಬಲ ಎಂದು ಭಾಗಿಸಿ ನೋಡಿದರೆ ಪಟ್ಟಿ ಬಹಳ ಸಲ ಮೇಲೆ ಕೆಳಗಾಗುತ್ತದೆ.

ಎರಡನೆಯದಾಗಿ, ಒಂದು ತಂಡ ಎಂದರೆ ಈಗಾಗಲೇ ಜರಡಿ ಹಿಡಿದು ಆರಿಸಿದ ಜನ. ಎಲ್ಲರ ಭುಜವೂ ಸಾಕಷ್ಟು ಗಟ್ಟಿಯೇ. ಬಲದಲ್ಲಿ ವ್ಯತ್ಯಾಸವೇ ಕಡಿಮೆ ಇರುವ ಗುಂಪಿನೊಳಗೆ ಬಲಕ್ಕೂ ವೇಗಕ್ಕೂ ನಂಟು ಮಸುಕಾಗಿಯೇ ಕಾಣುತ್ತದೆ. ವ್ಯತ್ಯಾಸವೆಲ್ಲ ಕೌಶಲದ ಕಡೆಯಿಂದ ಬಂದಿರುತ್ತದೆ. ಹೊಸಬರನ್ನೂ ಪಳಗಿದವರನ್ನೂ ಒಂದೇ ನಕ್ಷೆಯಲ್ಲಿ ಹಾಕಿದರೆ ಅದೇ ನಂಟು ಢಾಳಾಗಿ ಎದ್ದು ಕಾಣುತ್ತದೆ.

ಮೂರನೆಯದು, ಸಹಸಂಬಂಧದ ಅಂಕಿಯನ್ನು, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸುವ ಅಂಕಿಯನ್ನು, ಓದುವ ಬಗೆ. ಬಲಕ್ಕೂ ವೇಗಕ್ಕೂ ಸಹಸಂಬಂಧ 0.5 ಎಂದು ಎಲ್ಲಾದರೂ ಕಂಡರೆ ವೇಗದ ಅರ್ಧ ಭುಜದಿಂದ ಬಂತು ಎಂದು ಅರ್ಥವಲ್ಲ. ಆ ಅಂಕಿಯ ವರ್ಗ 0.25. ಆಟಗಾರರ ನಡುವಿನ ವೇಗದ ಏರುಪೇರಿನಲ್ಲಿ ಕಾಲು ಭಾಗ ಬಲದ ಏರುಪೇರಿನ ಜೊತೆ ಹೆಜ್ಜೆ ಹಾಕುತ್ತದೆ ಅಷ್ಟೇ. ಯಾವುದು ಯಾವುದಕ್ಕೆ ಕಾರಣ ಎಂಬುದನ್ನೂ ಅದು ಹೇಳುವುದಿಲ್ಲ. ಹೆಚ್ಚು ವರ್ಷ ಈಜಿದವನಿಗೆ ಬಲವೂ ವೇಗವೂ ಒಟ್ಟಿಗೇ ಬಂದಿರಬಹುದು.

ಭುಜ ಗಟ್ಟಿಯಾದರೆ ಎಸೆತವೂ ಜೋರಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ. ಚೆಂಡಿನ ತೂಕ 400ರಿಂದ 450 ಗ್ರಾಂ, ಅಷ್ಟೇನೂ ಭಾರವಲ್ಲ. ಅದಕ್ಕೆ ಬೇಕಿರುವುದು ಬಲಕ್ಕಿಂತ ಚುರುಕು. ನೆಲದ ಮೇಲೆ ಎಸೆಯುವವನಿಗೆ ಕಾಲೂರಲು ನೆಲವಿದೆ. ಇಲ್ಲಿ ಕಾಲಿನ ಒದೆತ ಮೈಯನ್ನು ಎತ್ತಬೇಕು, ಸೊಂಟ ತಿರುಗಬೇಕು, ಎದೆ ಹಿಂಬಾಲಿಸಬೇಕು, ಭುಜದ ಸರದಿ ಆಮೇಲೆ, ಮಣಿಕಟ್ಟಿನದು ಕೊನೆಗೆ. ಸರಪಳಿಯ ಕೆಳಗಿನ ಕೊಂಡಿ ಸಡಿಲವಾದರೆ ಭುಜ ಆ ಕೊರತೆಯನ್ನೂ ತುಂಬಲು ಹೋಗಿ ನೋವು ತಂದುಕೊಳ್ಳುತ್ತದೆ.

ಯಾವ ವ್ಯಾಯಾಮಗಳನ್ನು ಮಾಡಬೇಕು?

ಎಳೆತಕ್ಕೆ ಪುಲ್‌ಅಪ್, ಲ್ಯಾಟ್ ಪುಲ್‌ಡೌನ್ (ತಲೆಯ ಮೇಲಿನ ಕಂಬಿಯನ್ನು ಎದೆಗೆ ಎಳೆಯುವುದು), ರೋಯಿಂಗ್ (ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವುದು). ತಳ್ಳುವುದಕ್ಕೆ ಪುಷ್‌ಅಪ್ ಅಥವಾ ಬೆಂಚ್ ಪ್ರೆಸ್ (ಅಂಗಾತ ಮಲಗಿ ಭಾರವನ್ನು ಮೇಲಕ್ಕೆ ತಳ್ಳುವುದು). ಪಳಗಿದವರಾದರೆ ನಾಲ್ಕರಿಂದ ಆರು ಸಲ ಮಾತ್ರ ಎತ್ತಲಾಗುವ ಭಾರದಲ್ಲಿ ಮೂರ್ನಾಲ್ಕು ಸುತ್ತು. ಹೊಸಬರು ಎಂಟರಿಂದ ಹನ್ನೆರಡು ಸಲ ಎತ್ತಬಹುದಾದ ಭಾರದಿಂದಲೇ ಆರಂಭಿಸಲಿ. ಒಂದು ತಳ್ಳುವ ಸುತ್ತಿಗೆ ಎರಡು ಎಳೆಯುವ ಸುತ್ತು ಎಂಬ ಲೆಕ್ಕ ಇಟ್ಟುಕೊಂಡರೆ ಭುಜ ಮುಂದಕ್ಕೆ ಬಾಗಿ ಗೂನಾಗುವುದು ತಪ್ಪುತ್ತದೆ.

ಹಿಡಿದುಕೊಳ್ಳುವ ತಂಡಕ್ಕೆ ರಬ್ಬರ್ ಪಟ್ಟಿಯಿಂದ ಹೊರತಿರುವು, ಮೊದಲು ಮೊಣಕೈ ಪಕ್ಕೆಗೆ ಒತ್ತಿ, ಪಳಗಿದ ಮೇಲೆ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ. ಬೋರಲು ಮಲಗಿ ತೋಳುಗಳನ್ನು ಪಕ್ಕಕ್ಕೂ ಓರೆಯಾಗಿ ಮೇಲಕ್ಕೂ ಎತ್ತುವುದು. ಪುಷ್‌ಅಪ್‌ನ ಕೊನೆಯಲ್ಲಿ ಬೆನ್ನನ್ನು ಇನ್ನೊಂದಿಷ್ಟು ಮೇಲಕ್ಕೆ ತಳ್ಳಿ ಹೆಗಲ ಹಲಗೆಯನ್ನು ಮುಂದಕ್ಕೆ ಜಾರಿಸುವುದು. ಇವೆಲ್ಲ ಕಡಿಮೆ ಭಾರ, ಹನ್ನೆರಡರಿಂದ ಹದಿನೈದು ಸಲ, ವಾರಕ್ಕೆ ಮೂರು ದಿನ. ಪಟ್ಟಿಯನ್ನು ಹೊರಕ್ಕೆ ಎಳೆಯುವಾಗಿನಷ್ಟೇ ಗಮನ ಅದನ್ನು ನಿಧಾನವಾಗಿ ಮರಳಿ ಬಿಡುವಾಗಲೂ ಇರಲಿ, ಎಸೆದ ತೋಳನ್ನು ತಡೆಯುವ ಕೆಲಸ ಆ ಮರಳುವಿಕೆಯಂತೆಯೇ ಇರುತ್ತದೆ.

ಇದು ಬೇಸರದ ವ್ಯಾಯಾಮ. ಯಾರೂ ಇದರ ಚಿತ್ರ ತೆಗೆದು ಹಂಚಿಕೊಳ್ಳುವುದಿಲ್ಲ. ಅದಕ್ಕೇ ತರಬೇತಿಯ ಕೊನೆಗೆ ತಳ್ಳದೆ ಆರಂಭದಲ್ಲೇ ಮುಗಿಸಿಬಿಡುವುದು ಒಳ್ಳೆಯದು ಎನ್ನುತ್ತೇನೆ, ಆದರೆ ಬೆವರಿಳಿಸುವಷ್ಟಲ್ಲ: ಸಣ್ಣ ಸ್ನಾಯುಗಳನ್ನು ದಣಿಸಿ ಆಮೇಲೆ ನೂರು ಎಸೆತ ಎಸೆಯುವುದು ಅಪಾಯ.

ಪ್ಯಾಡಲ್, ಪ್ಯಾರಾಚೂಟ್, ರಬ್ಬರ್ ಹಗ್ಗ: ಇವುಗಳಿಂದ ಲಾಭವಿದೆಯೇ?

ಇದೆ. ಪ್ಯಾಡಲ್ ಅಂಗೈಗೆ ಕಟ್ಟುವ ಚಪ್ಪಟೆ ಬಿಲ್ಲೆ, ಪ್ಯಾರಾಚೂಟ್ ಸೊಂಟಕ್ಕೆ ಕಟ್ಟಿ ಹಿಂದೆ ಎಳೆದೊಯ್ಯುವ ಬಟ್ಟೆ, ರಬ್ಬರ್ ಹಗ್ಗ ಈಜುವವನನ್ನು ಹಿಂದಕ್ಕೆ ಜಗ್ಗುತ್ತದೆ. ಈಜಿನ ಚಲನೆಯಲ್ಲೇ ಭಾರ ಹಾಕುವುದರಿಂದ ನೆಲದ ಬಲವನ್ನು ನೀರಿಗೆ ದಾಟಿಸಲು ಇವು ಸೇತುವೆಯಾಗುತ್ತವೆ. ಓಟಗಳು ಗಿಡ್ಡವಿರಲಿ, ನಡುವೆ ಪೂರ್ಣ ವಿಶ್ರಾಂತಿ ಇರಲಿ. ಆದರೆ ಪ್ಯಾಡಲ್ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾಗಬಾರದು. ಅಂಗೈಗಿಂತ ಬಹಳ ದೊಡ್ಡ ಪ್ಯಾಡಲ್ ಹಾಕಿದರೆ ಗತಿ ಕುಸಿಯುತ್ತದೆ, ಪ್ರತಿ ಎಳೆತದಲ್ಲೂ ಭುಜದ ಮೇಲಿನ ಹೊರೆ ಏರುತ್ತದೆ. ಭುಜ ನೋಯುತ್ತಿರುವವರು ಪ್ಯಾಡಲ್ ಮುಟ್ಟಲೇಬಾರದು.

ಭಾರ ಎತ್ತಿದರೆ ಭುಜ ಬಿಗಿದು ಈಜು ಕೆಡುವುದಿಲ್ಲವೇ?

ಇದು ಹಳೆಯ ಭಯ. ಪೂರ್ಣ ಚಲನೆಯಲ್ಲಿ ಮಾಡಿದ ಭಾರದ ವ್ಯಾಯಾಮ ಬಿಗಿತ ತರುವುದಿಲ್ಲ. ಪೋಲೊ ಆಟಗಾರರ ಎಸೆಯುವ ಭುಜದಲ್ಲಿ ಒಳತಿರುವಿನ ಚಲನೆ ಕುಗ್ಗಿ, ಹೊರತಿರುವಿನ ಚಲನೆ ಹೆಚ್ಚಿರುವುದು ಕಂಡುಬರುತ್ತದೆ. ಅದು ಬಂದಿದ್ದು ಬಹುಮಟ್ಟಿಗೆ ವರ್ಷಗಟ್ಟಲೆ ಎಸೆದದ್ದರಿಂದ. ಎರಡೂ ಭುಜಗಳ ಒಟ್ಟು ತಿರುವು ಸಮವಾಗಿದ್ದರೆ ಚಿಂತೆ ಕಡಿಮೆ. ಇನ್ನೊಂದು ಭುಜಕ್ಕೆ ಹೋಲಿಸಿದರೆ ಒಳತಿರುವಿನಲ್ಲಿ ಸುಮಾರು 20 ಡಿಗ್ರಿಯಷ್ಟು ಕೊರತೆಯಿದ್ದು ಒಟ್ಟು ತಿರುವೂ ಕುಗ್ಗಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಬಲಗೈ ಎಡಗೈಗಿಂತ ಬಲಶಾಲಿ. ಈಜು ಓರೆಯಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಎಸೆಯುವ ಕೈ ಸ್ವಲ್ಪ ಮುಂದಿರುವುದು ಸಹಜ, ಸಣ್ಣ ಅಂತರವನ್ನು ದೇಹ ತಾನೇ ಸರಿದೂಗಿಸಿಕೊಳ್ಳುತ್ತದೆ.

ಎಷ್ಟು ವಾರಗಳಲ್ಲಿ ಫಲ ಕಾಣುತ್ತದೆ?

ಮೊದಲ ಮೂರು ನಾಲ್ಕು ವಾರಗಳಲ್ಲಿ ಹೆಚ್ಚುವ ಬಲ ನರಮಂಡಲದ ಕಲಿಕೆಯಿಂದ ಬಂದದ್ದು. ಸ್ನಾಯು ದಪ್ಪವಾಗುವುದು ಆರೆಂಟು ವಾರಗಳ ಮಾತು. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗುವುದು ಇನ್ನೂ ನಿಧಾನ. ಎಡವಟ್ಟು ಆಗುವುದು ಇಲ್ಲೇ. ಸ್ನಾಯು ‘ನಾನು ತಯಾರು’ ಎಂದು ಹೇಳುವ ಹೊತ್ತಿಗೆ ರಜ್ಜು ಇನ್ನೂ ತಯಾರಾಗಿರುವುದಿಲ್ಲ. ಭಾರವನ್ನೂ ಎಸೆತದ ಸಂಖ್ಯೆಯನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಈಜಿನ ಸಮಯದಲ್ಲಿ ಬದಲಾವಣೆ ಕಾಣಲು ಎರಡು ಮೂರು ತಿಂಗಳು ಕಾಯುವ ತಾಳ್ಮೆ ಬೇಕು.

ಕೊನೆಯ ಕ್ವಾರ್ಟರ್‌ನಲ್ಲಿ ವೇಗ ಬಿದ್ದುಹೋಗುತ್ತದೆ. ಅದು ಭುಜದ ಬಲದ ಕೊರತೆಯೇ?

ಬಹುಶಃ ಬಲದ ಕೊರತೆಗಿಂತ ಬಾಳಿಕೆಯ ಕೊರತೆ. ಎಂಟೆಂಟು ನಿಮಿಷಗಳ ನಾಲ್ಕು ಕ್ವಾರ್ಟರ್ ಎಂದರೂ ಗಡಿಯಾರ ಆಗಾಗ ನಿಲ್ಲುವುದರಿಂದ ಪಂದ್ಯ ಒಂದು ಗಂಟೆಯ ಹತ್ತಿರ ಎಳೆಯುತ್ತದೆ. ಅಷ್ಟು ಹೊತ್ತಿನ ಒದ್ದಾಟ, ಹಿಡಿದೆಳೆತ, ಓಟಗಳ ನಂತರ ಮೊಣಕೈ ಜಾರತೊಡಗುತ್ತದೆ. ಪರೀಕ್ಷೆ ಸುಲಭ: ಅರ್ಧ ನಿಮಿಷಕ್ಕೊಂದರಂತೆ 20 ಮೀಟರಿನ ಎಂಟು ಓಟ ಮಾಡಿಸಿ, ಮೊದಲನೆಯದಕ್ಕೂ ಎಂಟನೆಯದಕ್ಕೂ ಅಂತರ ನೋಡಿ. ಮೊದಲನೆಯದೇ ನಿಧಾನವಾದರೆ ಬಲ ಮತ್ತು ಕೌಶಲದ ಕಡೆ ಗಮನ ಕೊಡಿ. ಮೊದಲನೆಯದು ಚೆನ್ನಾಗಿದ್ದು ಎಂಟನೆಯದು ಕುಸಿದರೆ ಸಹಿಷ್ಣುತೆಯ ಕಡೆ.

ಮಕ್ಕಳು ಭಾರ ಎತ್ತಬಹುದೇ?

ಬಲ್ಲವರ ಕಣ್ಣೆದುರು, ಹಗುರವಾದ ಭಾರದಲ್ಲಿ, ಭಂಗಿ ಕಲಿತ ಮೇಲೆ ಎತ್ತಬಹುದು. ಎತ್ತರ ಕುಂಠಿತವಾಗುತ್ತದೆ ಎಂಬುದು ಕಟ್ಟುಕಥೆ. ಬೆಳೆಯುವ ಮಕ್ಕಳಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಎಸೆತದ ಸಂಖ್ಯೆಯಲ್ಲಿ. ತೋಳಿನ ಎಲುಬಿನ ಮೇಲ್ತುದಿಯಲ್ಲಿರುವ ಬೆಳವಣಿಗೆಯ ಪದರ ಅತಿಯಾದ ಎಸೆತದಿಂದ ಘಾಸಿಗೊಳ್ಳುತ್ತದೆ. ಹದಿಮೂರರ ಹುಡುಗನೊಬ್ಬ ತಂಡದ ಅತಿ ಜೋರಿನ ಎಸೆತಗಾರ ಎಂದು ತಿಳಿದರೆ ಅವನಿಂದಲೇ ಎಲ್ಲ ಎಸೆತ ಎಸೆಯಿಸುವ ತರಬೇತುದಾರರಿದ್ದಾರೆ. ಆ ಹುಡುಗ ಹದಿನೆಂಟಕ್ಕೆ ಆಡುತ್ತಿರುತ್ತಾನೋ ಇಲ್ಲವೋ ಎಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಮಹಿಳಾ ಆಟಗಾರರಿಗೆ ಬೇರೆ ನಿಯಮವಿದೆಯೇ?

ಚೆಂಡು ಸುತ್ತಳತೆಯಲ್ಲಿ ಕೊಂಚ ಚಿಕ್ಕದು. ಭುಜದ ಸ್ನಾಯುಗಳು, ನೀರಿನ ನಿಯಮ, ಅನುಪಾತದ ಲೆಕ್ಕ ಎಲ್ಲವೂ ಅವೇ. ಕೀಲು ಹೆಚ್ಚು ಸಡಿಲವಿರುವವರಲ್ಲಿ, ಗಂಡಾಗಲಿ ಹೆಣ್ಣಾಗಲಿ, ಚಾಚುವ ವ್ಯಾಯಾಮಕ್ಕಿಂತ ಹಿಡಿದುಕೊಳ್ಳುವ ತಂಡವನ್ನು ಬಲಪಡಿಸುವುದು ಮುಖ್ಯ.

ಭುಜ ನೋಯುತ್ತಿದೆ. ಈಜುವುದನ್ನು ಮುಂದುವರಿಸಬಹುದೇ?

ತರಬೇತಿಯ ನಂತರ ಸ್ನಾಯುಗಳಲ್ಲಿ ಮಂದವಾಗಿ ಕಾಣಿಸಿ ಒಂದೆರಡು ದಿನದಲ್ಲಿ ಮಾಯವಾಗುವ ನೋವು ಮಾಮೂಲು. ಕೈಯನ್ನು ತಲೆಯ ಮೇಲೆ ಒಯ್ಯುವಾಗ ಚುಚ್ಚುವ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿರುವುದು, ಎಸೆಯುವಾಗ ಕೈ ಸತ್ತಂತಾಗುವುದು, ಕೀಲು ಜಾರಿದ ಭಾವನೆ, ಬೆರಳುಗಳಲ್ಲಿ ಜೋಮು ಬೇರೆಯೇ ಮಾತು. ಇವುಗಳಲ್ಲಿ ಒಂದು ಕಂಡರೂ ಎಸೆತ ನಿಲ್ಲಿಸಿ ವೈದ್ಯರನ್ನು ಕಾಣಿ. ಅವರ ಒಪ್ಪಿಗೆ ಸಿಕ್ಕ ಮೇಲೆ ಕಾಲಿನ ಅಭ್ಯಾಸ ಮುಂದುವರಿಸಬಹುದು, ಆದರೆ ತೇಲುವ ಹಲಗೆ ಹಿಡಿದು ಕೈ ಮುಂದೆ ಚಾಚಿ ಒದೆಯುವುದು ಬೇಡ. ನೋಯುವ ಭುಜಕ್ಕೆ ಆ ಭಂಗಿಯೇ ಹಿಂಸೆ. ಕೈಗಳನ್ನು ನೀರಿನೊಳಗೆ ಇಳಿಬಿಟ್ಟು ಎಗ್‌ಬೀಟರ್ ಮಾಡಿ.

ಪಂದ್ಯದ ದಿನ ಭುಜದ ವ್ಯಾಯಾಮ ಮಾಡಬಹುದೇ?

ಭಾರದ್ದು ಬೇಡ. ಹಗುರವಾದ ರಬ್ಬರ್ ಪಟ್ಟಿಯಿಂದ ಎರಡೂ ಕೈಗೆ ಹತ್ತು ಹನ್ನೆರಡು ಹೊರತಿರುವು, ಹೆಗಲ ಹಲಗೆಗೆ ಒಂದೆರಡು ಸುತ್ತು, ಆಮೇಲೆ ನೀರಿಗಿಳಿದು ನಿಧಾನದಿಂದ ಜೋರಿಗೆ ಏರುವ ನಾಲ್ಕೈದು ಗಿಡ್ಡ ಓಟ. ಎಸೆತಗಳನ್ನೂ ಅರ್ಧ ಜೋರಿನಿಂದಲೇ ಆರಂಭಿಸಿ. ಮೊದಲ ಎಸೆತದಲ್ಲೇ ಗೋಲುಗಂಬ ಅಲುಗಾಡಿಸುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಪಂದ್ಯಕ್ಕೆ ಉಳಿಸಿಕೊಳ್ಳಿ.